ಡ್ರ್ಯಾಗ್ ರೇಸಿಗೆ ಮ್ಯಾನ್ಯುಯಲ್ಲೋ ಆಟೋಮ್ಯಾಟಿಕ್ಕೋ?

ಪ್ರಶ್ನೆ: ನಾನು ಡ್ರ್ಯಾಗ್ ರೇಸಿನಲ್ಲಿ, ಅಂದರೆ ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಕಾಲು ಮೈಲಿ ಓಡುವ ಸ್ಪರ್ಧೆಯಲ್ಲಿ, ಕಾರು ಓಡಿಸುತ್ತೇನೆ. ನನ್ನದು ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ ವಿ8 ಕಾರು. ಎಂಜಿನ್ ಸುಮಾರು 450 ಅಶ್ವಶಕ್ತಿ ಕೊಡುತ್ತದೆ. ನಾನು ಒಳಗೆ ಕೂತರೆ ಒಟ್ಟು ತೂಕ 1,600 ಕೆಜಿ. 5 ಸ್ಪೀಡ್ ಮ್ಯಾನ್ಯುಯಲ್ ಗೇರ್‌ಬಾಕ್ಸ್ ಇದೆ. ಹಿಂದೆ ರೇಡಿಯಲ್ ಟೈರ್ ಹಾಕಿದ್ದೇನೆ. ಕಾಲು ಮೈಲಿಯನ್ನು ಒಂದು ಸಲ 12.1 ಸೆಕೆಂಡಿಗೆ ಓಡಿದರೆ ಮುಂದಿನ ಸಲ 12.7 ಆಗುತ್ತದೆ. ಬ್ರಾಕೆಟ್ ರೇಸಿನಲ್ಲಿ (ಎಷ್ಟು ಸಮಯಕ್ಕೆ ಓಡುತ್ತೇನೆ ಅಂತ ಮೊದಲೇ ಹೇಳಿ ಓಡುವ ಸ್ಪರ್ಧೆ) ಇದುವರೆಗೆ ಎರಡನೇ ಸುತ್ತು ದಾಟಿಲ್ಲ. ಗೆಳೆಯರೆಲ್ಲ ಆಟೋಮ್ಯಾಟಿಕ್ ಹಾಕಿಸು ಅಂತಾರೆ. ಆದರೆ ಗೇರ್ ಬದಲಿಸುವ ಖುಷಿ ಬಿಡಲು ಮನಸ್ಸಿಲ್ಲ. ಮ್ಯಾನ್ಯುಯಲ್‌ನಲ್ಲಿ ಶಕ್ತಿ ಪೋಲಾಗುವುದು ಕಡಿಮೆ ಅಂತಲೂ ಓದಿದ್ದೇನೆ. ಏನು ಮಾಡಲಿ? ಆರು ಟೈಮ್ ಸ್ಲಿಪ್ (ಪ್ರತಿ ಓಟದ ಸಮಯ, ವೇಗ ಇರುವ ಚೀಟಿ) ಜೊತೆಗೆ ಕಳಿಸಿದ್ದೇನೆ.

ಉತ್ತರ: ಟೈಮ್ ಸ್ಲಿಪ್ ಕಳಿಸಿ ಒಳ್ಳೆಯ ಕೆಲಸ ಮಾಡಿದಿರಿ. ಈ ಪ್ರಶ್ನೆ ಕೇಳುವವರಲ್ಲಿ ಹೆಚ್ಚಿನವರು ಎಂಜಿನ್ ಬಗ್ಗೆ ಎರಡು ಪುಟ ಬರೆಯುತ್ತಾರೆ, ಸ್ಲಿಪ್ ಮಾತ್ರ ಕಳಿಸುವುದಿಲ್ಲ. ನಿಮ್ಮ ಅರ್ಧ ಉತ್ತರ ಆ ಚೀಟಿಗಳಲ್ಲೇ ಇದೆ.

ನಿಮ್ಮ ಅತ್ಯುತ್ತಮ ಓಟ ತಗೊಳ್ಳಿ. ಮೊದಲ 60 ಅಡಿಗೆ 1.75 ಸೆಕೆಂಡ್, ಕಾಲು ಮೈಲಿಗೆ 12.10, ಕೊನೆಯಲ್ಲಿ ಗಂಟೆಗೆ 115 ಮೈಲಿ ವೇಗ. ಈಗ ಅತಿ ಕೆಟ್ಟ ಓಟ ನೋಡಿ. 60 ಅಡಿಗೆ 2.11, ಕಾಲು ಮೈಲಿಗೆ 12.69, ಕೊನೆಯ ವೇಗ 114. ಕೊನೆಯ ವೇಗ ಹೆಚ್ಚುಕಮ್ಮಿ ಅಷ್ಟೇ ಇದೆ. ಅಂದರೆ ಎಂಜಿನ್ ಎರಡು ಸಲವೂ ಒಂದೇ ರೀತಿ ದುಡಿದಿದೆ. ವ್ಯತ್ಯಾಸ ಹುಟ್ಟಿದ್ದು ಹೊರಡುವ ಜಾಗದಲ್ಲಿ.

ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹಳಬರೆಲ್ಲ ಬಳಸುವ ಒಂದು ಅಂದಾಜು ಲೆಕ್ಕ ಇದೆ. ಮೊದಲ 60 ಅಡಿಯಲ್ಲಿ ಕಳೆದುಕೊಂಡ ಸಮಯ ಕಾಲು ಮೈಲಿ ಮುಗಿಯುವಷ್ಟರಲ್ಲಿ ಒಂದೂವರೆ ಪಟ್ಟು ಆಗಿರುತ್ತದೆ. ನೀವು ಶುರುವಿನಲ್ಲಿ ಕಳೆದದ್ದು 0.36 ಸೆಕೆಂಡ್. ಒಂದೂವರೆ ಪಟ್ಟು ಅಂದರೆ 0.54. ನಿಮ್ಮ ಎರಡು ಓಟಗಳ ನಡುವಿನ ಒಟ್ಟು ವ್ಯತ್ಯಾಸ 0.59. ಉಳಿದ 0.05 ಮಾತ್ರ ಗೇರ್ ಬದಲಿಸುವುದರಲ್ಲಿ ಹೋಗಿರಬೇಕು. ನಿಮ್ಮ ಗೆಳೆಯರು "ನೀನು ಗೇರ್ ಹಾಕೋದು ನಿಧಾನ" ಅಂತ ರೇಗಿಸುತ್ತಿದ್ದರೆ ಈ ಲೆಕ್ಕ ತೋರಿಸಿ. ಕೈಯದ್ದು ಸಣ್ಣ ತಪ್ಪು. ದೊಡ್ಡ ತಪ್ಪು ಎಡಗಾಲಿನದ್ದು.

ಆದ್ದರಿಂದ ನಾನು ನಿಮ್ಮ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಇಡುತ್ತೇನೆ. ಮ್ಯಾನ್ಯುಯಲ್, ಆಟೋಮ್ಯಾಟಿಕ್ ಅಂದಾಗ ಎಲ್ಲರ ಕಣ್ಣು ಗೇರ್ ಲಿವರ್ ಮೇಲೆ ಹೋಗುತ್ತದೆ. ಡ್ರ್ಯಾಗ್ ರೇಸಿನಲ್ಲಿ ನೋಡಬೇಕಾದ್ದು ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಏನು ಕೂತಿದೆ ಅನ್ನುವುದನ್ನು. ಅಲ್ಲಿ ಮ್ಯಾನ್ಯುಯಲ್ಲಿನ ಕ್ಲಚ್ ಇದೆಯೋ, ಆಟೋಮ್ಯಾಟಿಕ್ಕಿನ ಟಾರ್ಕ್ ಕನ್ವರ್ಟರ್ ಇದೆಯೋ? ನಿಂತಿರುವ ಕಾರು, ಓಡುತ್ತಿರುವ ಎಂಜಿನ್. ಇವೆರಡನ್ನೂ ಕೂಡಿಸುವ ಆ ಒಂದೂಮುಕ್ಕಾಲು ಸೆಕೆಂಡಿನ ಕೆಲಸ ಯಾರಿಗೆ ವಹಿಸುತ್ತೀರಿ ಅನ್ನುವುದೇ ನಿಮ್ಮ ಆಯ್ಕೆ.

ಕನ್ವರ್ಟರ್ ಈ ಕೆಲಸವನ್ನು ಎಣ್ಣೆಯಿಂದ ಮಾಡುತ್ತದೆ. ಒಂದು ಮುಚ್ಚಿದ ಉಕ್ಕಿನ ಡಬ್ಬ. ಒಳಗೆ ಎಂಜಿನ್ ತಿರುಗಿಸುವ ರೆಕ್ಕೆಗಳು ಒಂದು ಕಡೆ, ಗೇರ್‌ಬಾಕ್ಸಿಗೆ ಸೇರಿದ ರೆಕ್ಕೆಗಳು ಎದುರು ಕಡೆ. ಎಣ್ಣೆ ಇಲ್ಲಿಂದ ಅಲ್ಲಿಗೆ ಚಿಮ್ಮಿ ತಳ್ಳುತ್ತದೆ. ನಡುವೆ ಸ್ಟೇಟರ್ ಅನ್ನುವ ಇನ್ನೊಂದು ಸಣ್ಣ ಚಕ್ರ ಇದೆ. ಇದು ವಾಪಸ್ ಬರುವ ಎಣ್ಣೆಯ ದಿಕ್ಕು ತಿರುಗಿಸಿ, ಎಂಜಿನ್ನಿಗೆ ಅಡ್ಡ ಬರದಂತೆ, ಬದಲಿಗೆ ಸಹಾಯವೇ ಆಗುವಂತೆ ಮಾಡುತ್ತದೆ. ಇದರ ಫಲ ದೊಡ್ಡದು. ಕಾರು ನಿಂತಿರುವಾಗ ಕನ್ವರ್ಟರ್ ಎಂಜಿನ್ನಿನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಸುಮಾರು ಎರಡು ಪಟ್ಟು ಮಾಡಿ ಮುಂದೆ ಕಳಿಸಬಲ್ಲದು. ಕಾರು ವೇಗ ಹಿಡಿದ ಹಾಗೆ ಈ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಕ್ಲಚ್ ಹೀಗೆ ಮಾಡಲಾರದು. ಅದು ಟಾರ್ಕನ್ನು ಇದ್ದಷ್ಟೇ ದಾಟಿಸಬಹುದು, ಹೆಚ್ಚಿಸಲು ಆಗುವುದಿಲ್ಲ.

ಕನ್ವರ್ಟರ್ ಬಗ್ಗೆ ಮಾತಾಡುವಾಗ 'ಸ್ಟಾಲ್' ಅನ್ನುವ ಪದ ಪದೇ ಪದೇ ಬರುತ್ತದೆ. ಕಾರನ್ನು ಅಲುಗದಂತೆ ಹಿಡಿದು ಪೂರ್ತಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಎಷ್ಟು ಆರ್‌ಪಿಎಂವರೆಗೆ (ನಿಮಿಷಕ್ಕೆ ಎಷ್ಟು ಸುತ್ತಿನವರೆಗೆ) ಏರುತ್ತದೋ ಅದು ಸ್ಟಾಲ್. ರಸ್ತೆ ಕಾರಿನಲ್ಲಿ ಇದು 2,000 ಆಸುಪಾಸು ಇರಬಹುದು. ರೇಸ್ ಕಾರಿನಲ್ಲಿ 4,000, 5,000 ದಾಟಿದರೂ ಆಶ್ಚರ್ಯವಿಲ್ಲ. ಹೊರಡುವ ಕ್ಷಣದಲ್ಲೇ ಎಂಜಿನ್ ತನ್ನ ಒಳ್ಳೆಯ ಟಾರ್ಕ್ ಇರುವ ಜಾಗದಲ್ಲಿ ಇರಬೇಕು ಅನ್ನುವುದು ಇದರ ಉದ್ದೇಶ. ಒಂದು ವಿಷಯ ನೆನಪಿಡಿ. ಸ್ಟಾಲ್ ಅನ್ನುವುದು ಡಬ್ಬದ ಮೇಲೆ ಬರೆದ ಸ್ಥಿರ ಸಂಖ್ಯೆ ಅಲ್ಲ. ಅದೇ ಕನ್ವರ್ಟರನ್ನು ಜಾಸ್ತಿ ಟಾರ್ಕ್ ಇರುವ ಎಂಜಿನ್ನಿನ ಹಿಂದೆ ಹಾಕಿದರೆ ಸ್ಟಾಲ್ ಮೇಲೇರುತ್ತದೆ. ಗೆಳೆಯನ ಕಾರಿನಿಂದ ಬಿಚ್ಚಿದ್ದನ್ನು ತಂದು ಹಾಕಿಕೊಂಡವರು ಕೈ ಸುಟ್ಟುಕೊಳ್ಳುವುದು ಇಲ್ಲೇ.

ಅಲುಗದಂತೆ ಹಿಡಿಯುವುದು ಹೇಗೆ? ಎಡಗಾಲಿನಿಂದ ಬ್ರೇಕ್ ಒತ್ತಿ ಹಿಡಿಯಬಹುದು. ಆದರೆ ಒಂದು ಮಟ್ಟದ ಮೇಲೆ ಎಂಜಿನ್ ಬ್ರೇಕನ್ನೂ ಸೋಲಿಸಿ ಕಾರನ್ನು ತಳ್ಳುತ್ತದೆ. ಅದಕ್ಕೆ ಟ್ರಾನ್ಸ್‌ಬ್ರೇಕ್ ಇದೆ. ಗುಂಡಿ ಒತ್ತಿದರೆ ಗೇರ್‌ಬಾಕ್ಸ್ ಮೊದಲ ಗೇರನ್ನೂ ರಿವರ್ಸನ್ನೂ ಒಟ್ಟಿಗೆ ಹಿಡಿಯುತ್ತದೆ. ಎತ್ತು ಏರಿಗೆ, ಕೋಣ ನೀರಿಗೆ ಅಂದ ಹಾಗೆ ಎರಡೂ ಜಗ್ಗಾಡಿ ಕಾರು ನಿಂತಲ್ಲೇ ನಿಲ್ಲುತ್ತದೆ. ಬೆರಳು ಎತ್ತಿದ ತಕ್ಷಣ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ) ರಿವರ್ಸನ್ನು ಬಿಡುತ್ತದೆ, ಕಾರು ಚಿಮ್ಮುತ್ತದೆ. ನೀವು ಮಾಡಿದ ಕೆಲಸ ಇಷ್ಟೇ: ಬೆರಳು ಎತ್ತಿದ್ದು. ನಿದ್ದೆಗಣ್ಣಿನಲ್ಲಿ ಮಾಡಿದರೂ, ಎದೆ ಡವಡವ ಅನ್ನುವಾಗ ಮಾಡಿದರೂ ಕಾರಿಗೆ ಒಂದೇ.

ಕ್ಲಚ್ ಕಥೆ ಬೇರೆ. ನನ್ನ ಮೊದಲ ವರ್ಷ ನೆನಪಾಗುತ್ತದೆ. ಎಡಗಾಲು ಪೆಡಲ್ ಮೇಲೆ, ಎಂಜಿನ್ನಿನ ಸುತ್ತು ತೋರಿಸುವ ಟ್ಯಾಕೋಮೀಟರ್ ಮುಳ್ಳು 4,500ರಲ್ಲಿ, ಹೊರಡುವ ಜಾಗದ ದೀಪದ ಕಂಬದಲ್ಲಿ ಮೂರನೇ ಹಳದಿ ದೀಪ. ಮೊಣಕಾಲು ಸಣ್ಣಗೆ ನಡುಗುತ್ತಿತ್ತು. ಹೆದರಿಕೆಯಿಂದಲ್ಲ, ಬಿಗಿಯಾದ ಸ್ಪ್ರಿಂಗನ್ನು ಅಷ್ಟು ಹೊತ್ತು ಒತ್ತಿ ಹಿಡಿದದ್ದಕ್ಕೆ. ಮೊದಲ ಓಟದಲ್ಲಿ ಪಾದವನ್ನು ಪಕ್ಕಕ್ಕೆ ಜಾರಿಸಿಬಿಟ್ಟೆ. ಟೈರ್ ಗಿರ್ರನೆ ತಿರುಗಿ ಹೊಗೆ ಎದ್ದಿತು. ಎರಡನೇ ಓಟದಲ್ಲಿ ಜಾಗ್ರತೆ ಮಾಡಿ ನಿಧಾನಕ್ಕೆ ಬಿಟ್ಟೆ. ಎಂಜಿನ್ ಮುಗ್ಗರಿಸಿತು. ಮೂರನೆಯದಕ್ಕೆ ಒಳ್ಳೆಯ ಸ್ಲಿಕ್ ಟೈರ್ (ಮೇಲೆ ಗೆರೆಗಳಿಲ್ಲದ ರೇಸ್ ಟೈರ್) ಸಾಲ ತಂದು ಹಾಕಿದೆ. ಟೈರ್ ಹಿಡಿದುಕೊಂಡಿತು. ಹಿಡಿದುಕೊಂಡ ಮೇಲೆ ಆ ಹೊಡೆತ ಎಲ್ಲಾದರೂ ಹೋಗಬೇಕಲ್ವಾ? ಬಲಗಡೆಯ ಆಕ್ಸಲ್ ಶಾಫ್ಟ್ ಕಬ್ಬಿನ ಜಲ್ಲೆ ಮುರಿದ ಹಾಗೆ ಮುರಿಯಿತು. ಮುರಿದ ಬಾಯಿ ತಿರುಚಿಕೊಂಡು ಸುರುಳಿ ಸುರುಳಿಯಾಗಿತ್ತು.

ಆ ಹೊಡೆತದ ಕಾರಣ ಸರಳ. 4,500 ಆರ್‌ಪಿಎಂನಲ್ಲಿ ತಿರುಗುವ ಫ್ಲೈವೀಲ್ ಒಂದು ಭಾರದ ಚಕ್ರ. ಕ್ಲಚ್ ಪೂರ್ತಿ ಕಚ್ಚಿದ ಕ್ಷಣ ಅದರೊಳಗೆ ತುಂಬಿದ್ದ ಶಕ್ತಿಯೆಲ್ಲ ಒಂದೇ ಏಟಿಗೆ ಗೇರ್‌ಬಾಕ್ಸ್, ಡಿಫರೆನ್ಶಿಯಲ್, ಆಕ್ಸಲ್ ದಾಟಿ ಟೈರಿಗೆ ಬಂದು ಬಡಿಯುತ್ತದೆ. ಇಡೀ ಸರಪಳಿಯಲ್ಲಿ ಯಾವುದು ಬಲಹೀನವೋ ಅದು ಸೋಲುತ್ತದೆ. ಟೈರ್ ಬಲಹೀನವಾಗಿದ್ದರೆ ಜಾರುತ್ತದೆ. ಟೈರ್ ಗಟ್ಟಿಯಾಗಿದ್ದರೆ ಕಬ್ಬಿಣ ಮುರಿಯುತ್ತದೆ. ಕನ್ವರ್ಟರ್‌ನಲ್ಲಿ ಎಣ್ಣೆ ಮೆತ್ತೆಯ ಹಾಗೆ ಕೆಲಸ ಮಾಡುವುದರಿಂದ ಈ ಏಟು ಇರುವುದಿಲ್ಲ.

ಹಾಗಂತ ಕ್ಲಚ್‌ಗೆ ಮದ್ದಿಲ್ಲ ಅಂತಲ್ಲ. ರೇಸಿಗೆ ಅಂತಲೇ ಮಾಡಿದ ಕ್ಲಚ್ ಬೇಕೆಂತಲೇ ಸ್ವಲ್ಪ ಹೊತ್ತು ಜಾರುತ್ತದೆ. ಸ್ಪ್ರಿಂಗಿನ ಒತ್ತಡ ಕಡಿಮೆ ಇಟ್ಟಿರುತ್ತಾರೆ. ಹೊರಡುವಾಗ ಅದು ಪೂರ್ತಿ ಕಚ್ಚುವುದಿಲ್ಲ. ಆರ್‌ಪಿಎಂ ಏರಿದ ಹಾಗೆ ಅದರ ಮೇಲಿನ ಸಣ್ಣ ತೂಕಗಳು ಹೊರಕ್ಕೆ ಎಳೆಯಲ್ಪಟ್ಟು ಒತ್ತಡ ಹೆಚ್ಚಿಸುತ್ತವೆ, ಕ್ಲಚ್ ಬಿಗಿಯಾಗುತ್ತದೆ. ಸ್ಪ್ರಿಂಗ್ ಎಷ್ಟು, ತೂಕ ಎಷ್ಟು ಅಂತ ಹೊಂದಿಸುವುದೇ ಒಂದು ಕಲೆ. ಟ್ರ್ಯಾಕ್ ಬಿಸಿಯಾದರೆ ಒಂದು ಲೆಕ್ಕ, ತಂಪಾದರೆ ಇನ್ನೊಂದು. ಪೆಡಲ್ ಮೇಲೇಳುವ ವೇಗವನ್ನು ಕಡೆಯ ಕೆಲವು ಇಂಚಿನಲ್ಲಿ ತಡೆಯುವ ಹೈಡ್ರಾಲಿಕ್ ಸಾಧನಗಳೂ ಇವೆ. ನಿಮ್ಮ ಮಾಮೂಲಿ ಗೇರ್‌ಬಾಕ್ಸ್ ಉಳಿಸಿಕೊಳ್ಳಬೇಕು ಅಂದರೆ ಇದು ಕಡಿಮೆ ತಲೆನೋವಿನ ದಾರಿ. ಇನ್ನೊಂದು ಮಾತು. ಕ್ಲಚ್ ಕಾರಿಗೆ ಪಕ್ಕದ ಗೋಡೆ ಮೆತ್ತಗಿರುವ ಹಳೇ ಬಗೆಯ ಬಯಾಸ್ ಪ್ಲೈ ಸ್ಲಿಕ್ ಹೊಂದುತ್ತದೆ. ಅದರ ಗೋಡೆ ಸುಕ್ಕುಗಟ್ಟಿ ಏಟನ್ನು ಸ್ವಲ್ಪ ನುಂಗುತ್ತದೆ. ಗಟ್ಟಿ ಗೋಡೆಯ ಡ್ರ್ಯಾಗ್ ರೇಡಿಯಲ್ ಆಟೋಮ್ಯಾಟಿಕ್ ಕಾರುಗಳಿಗೆ ಚೆನ್ನ. ನಿಮ್ಮ ಕಾರಿನಲ್ಲಿ ರೇಡಿಯಲ್ ಇದೆ ಅಂತ ಬರೆದಿದ್ದೀರಿ. ನನಗೆ ಮೊದಲು ಅನುಮಾನ ಬಂದದ್ದೇ ಅದರ ಮೇಲೆ.

ಈಗ ಶಕ್ತಿ ಪೋಲಾಗುವ ಮಾತು. ನೀವು ಓದಿದ್ದು ನಿಜ. ಕಚ್ಚಿದ ಕ್ಲಚ್ ಜಾರುವುದಿಲ್ಲ. ಲಾಕ್ ಆಗದ ಕನ್ವರ್ಟರ್ ಕೊನೆಯವರೆಗೂ ಸ್ವಲ್ಪ ಜಾರುತ್ತಲೇ ಇರುತ್ತದೆ. ಎಷ್ಟು ಜಾರುತ್ತದೆ ಅಂತ ನೀವೇ ಲೆಕ್ಕ ಹಾಕಬಹುದು. ಗಂಟೆಗೆ ಮೈಲಿ ಲೆಕ್ಕದ ವೇಗವನ್ನು ಡಿಫರೆನ್ಶಿಯಲ್ ಅನುಪಾತದಿಂದ (ಚಕ್ರ ಒಂದು ಸುತ್ತು ತಿರುಗಲು ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ತಿರುಗಬೇಕಾದ ಸುತ್ತುಗಳು) ಗುಣಿಸಿ, 336ರಿಂದ ಗುಣಿಸಿ, ಟೈರಿನ ವ್ಯಾಸದ ಇಂಚಿನಿಂದ ಭಾಗಿಸಿ. 120 ಮೈಲಿ ವೇಗ, 4.10 ಅನುಪಾತ, 28 ಇಂಚಿನ ಟೈರ್ ಅಂದುಕೊಳ್ಳಿ. ನೇರ ಟಾಪ್ ಗೇರ್‌ನಲ್ಲಿ ಎಂಜಿನ್ 5,904 ಆರ್‌ಪಿಎಂ ಇರಬೇಕು. ಗೆರೆ ದಾಟುವಾಗ ಟ್ಯಾಕೋಮೀಟರ್ 6,300 ತೋರಿಸಿದರೆ ಉಳಿದ 396 ಜಾರಿಕೆ. ಅಂದರೆ 6 ಶೇಕಡಾಕ್ಕಿಂತ ಸ್ವಲ್ಪ ಜಾಸ್ತಿ. ಒಳ್ಳೆಯ ಕನ್ವರ್ಟರಿಗೆ ಇದು ಸಾಧಾರಣ ಸಂಖ್ಯೆ. 10 ದಾಟಿದರೆ ಆ ಕನ್ವರ್ಟರ್ ನಿಮ್ಮ ಕಾರಿಗೆ ಸರಿಯಿಲ್ಲ ಅಂತ ಅರ್ಥ. ಇದರ ಜೊತೆಗೆ ಎಣ್ಣೆ ಪಂಪ್ ತಿರುಗಿಸಲು, ಭಾರದ ಡ್ರಮ್‌ಗಳನ್ನು ತಿರುಗಿಸಲು ಇನ್ನಷ್ಟು ಶಕ್ತಿ ಹೋಗುತ್ತದೆ.

ಹಾಗಾದರೆ ಮ್ಯಾನ್ಯುಯಲ್ಲೇ ಲಾಭ ಅಲ್ವಾ? ಕಾಗದದ ಮೇಲೆ ಹೌದು. ಆದರೆ ಗೇರ್ ಬದಲಿಸುವಾಗ ಮ್ಯಾನ್ಯುಯಲ್ ಪೂರ್ತಿ ಶಕ್ತಿಯನ್ನೇ ನಿಲ್ಲಿಸುತ್ತದೆ. ಸಾಧಾರಣ ಗೇರ್‌ಬಾಕ್ಸಿನಲ್ಲಿ ಕ್ಲಚ್ ಒತ್ತಿ, ಲಿವರ್ ಎಳೆದು, ಮತ್ತೆ ಬಿಡಲು ಚುರುಕಾದ ಚಾಲಕನಿಗೂ ಸುಮಾರು 0.3 ಸೆಕೆಂಡ್ ಬೇಕು. ಗಂಟೆಗೆ 160 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಕಾರು 13 ಮೀಟರ್ ಮುಂದೆ ಹೋಗಿರುತ್ತದೆ. 13 ಮೀಟರ್ ಉದ್ದಕ್ಕೂ ಟೈರಿಗೆ ಶಕ್ತಿಯಿಲ್ಲ. ಹೀಗೆ ಮೂರು ಸಲ. ಆಟೋಮ್ಯಾಟಿಕ್‌ನಲ್ಲಿ ಒಂದು ಕ್ಲಚ್ ಬಿಡುತ್ತಿರುವಾಗಲೇ ಇನ್ನೊಂದು ಹಿಡಿಯುತ್ತಿರುತ್ತದೆ. ಎಳೆತ ಕಡಿಯುವುದಿಲ್ಲ. ಟರ್ಬೊ ಇರುವ ಕಾರಿಗೆ ಇದು ಇನ್ನೂ ಮುಖ್ಯ. ಆಕ್ಸಿಲರೇಟರ್ ಬಿಟ್ಟರೆ ಬೂಸ್ಟ್ (ಟರ್ಬೊ ಎಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಬೀಳುತ್ತದೆ, ಮತ್ತೆ ಏರಲು ಸಮಯ ಬೇಕು. ಹೊರಡುವ ಮುಂಚೆ ಬೂಸ್ಟ್ ತುಂಬಿಸಲೂ ಎಂಜಿನ್ ಮೇಲೆ ಭಾರ ಬೀಳಬೇಕು. ಟ್ರಾನ್ಸ್‌ಬ್ರೇಕ್ ಮತ್ತು ಕನ್ವರ್ಟರ್ ಆ ಭಾರ ಕೊಡುತ್ತವೆ. ನೀವು ಟರ್ಬೊ ಹಾಕಿಸುವ ಯೋಚನೆಯಲ್ಲಿದ್ದರೆ ಈ ಚರ್ಚೆ ಇಲ್ಲಿಗೇ ನಿಲ್ಲಿಸಿ ಆಟೋಮ್ಯಾಟಿಕ್ ಹಾಕಿಸಿಬಿಡಿ.

ಕ್ಲಚ್ ಮುಟ್ಟದೆ ಗೇರ್ ಬದಲಿಸುವ ಮ್ಯಾನ್ಯುಯಲ್‌ಗಳೂ ಇವೆ. ಗೇರುಗಳ ವೇಗ ಹೊಂದಿಸುವ ಸಿಂಕ್ರೊನೈಸರ್ ತೆಗೆದು ದಪ್ಪ ಹಲ್ಲುಗಳ ಡಾಗ್ ರಿಂಗ್ ಹಾಕಿರುತ್ತಾರೆ. ಎಂಜಿನ್ನಿನ ಕಿಡಿಯನ್ನು ಕ್ಷಣ ಮಾತ್ರ ನಿಲ್ಲಿಸಿದರೆ ಲಿವರ್ ಸಲೀಸಾಗಿ ಬರುತ್ತದೆ. ಇದು ವೇಗದಲ್ಲಿ ಆಟೋಮ್ಯಾಟಿಕ್‌ಗೆ ಸಮ ನಿಲ್ಲುತ್ತದೆ. ಆದರೆ ಡಾಗ್ ಹಲ್ಲು ಸವೆಯುತ್ತದೆ, ಆಗಾಗ ಬಿಚ್ಚಿ ನೋಡಬೇಕು. ರಸ್ತೆಯಲ್ಲಿ ಓಡಿಸಲು ಹೋದರೆ ಎರಡು ದಿನದಲ್ಲಿ ಬೇಸರ ಬರುತ್ತದೆ.

ನಿಮ್ಮ ತರಹದ ಗೇರ್‌ಬಾಕ್ಸಿನಲ್ಲಿ ಸಮಯಕ್ಕಿಂತ ದೊಡ್ಡ ಅಪಾಯ ತಪ್ಪು ಗೇರ್. ನನ್ನ ಹಳೇ ಕಾರಿನಲ್ಲಿ 4 ಸ್ಪೀಡಿನ ಮ್ಯೂನ್ಸಿ ಎಂ22 ಇತ್ತು. ಅದರ ಗುರುಗುಟ್ಟುವ ಸದ್ದಿಗೆ ಜನ 'ರಾಕ್ ಕ್ರಷರ್' ಅಂತ ಹೆಸರಿಟ್ಟಿದ್ದರು. ಗಟ್ಟಿ ಮಾಲು, ಅದಕ್ಕೇನೂ ಆಗಲಿಲ್ಲ. ತಪ್ಪಿದ್ದು ನನ್ನ ಕೈ. ಒಂದು ಸಂಜೆ 6,500ರಲ್ಲಿ ಎರಡರಿಂದ ಮೂರಕ್ಕೆ ಹಾಕಲು ಹೋಗಿ ಲಿವರನ್ನು ನನ್ನ ಕಡೆಗೆ ಎಳೆದುಕೊಂಡು ಒಂದಕ್ಕೆ ತಳ್ಳಿದೆ. ಆ ಗೇರ್‌ಬಾಕ್ಸಿನ ಒಂದನೇ ಗೇರಿನ ಅನುಪಾತ 2.20, ಎರಡನೆಯದರದ್ದು 1.64. ಲೆಕ್ಕ ಹಾಕಿದರೆ ಎಂಜಿನ್ 8,700 ದಾಟಬೇಕು. ಪೂರ್ತಿ ಅಷ್ಟಕ್ಕೆ ಹೋಯಿತೋ ಇಲ್ಲವೋ, ಬಗ್ಗಿದ ವಾಲ್ವ್‌ಗಳಂತೂ ನಾಲ್ಕು ಸಿಕ್ಕವು. ಒಂದು ಒಳ್ಳೆಯ ಶಿಫ್ಟರ್, ಅದರಲ್ಲೂ ಲಿವರ್ ಜಾಸ್ತಿ ಆಚೀಚೆ ಹೋಗದಂತೆ ತಡೆಯುವ ಸ್ಟಾಪ್ ಬೋಲ್ಟ್ ಇರುವಂಥದ್ದು, ಹೊಸ ಕ್ಯಾಮ್‌ಶಾಫ್ಟಿಗಿಂತ ಮೊದಲು ಬೇಕು.

ಆಟೋಮ್ಯಾಟಿಕ್ ಕಡೆ ಹೋದರೆ ಯಾವುದು? ಎರಡು ಹೆಸರು ನಿಮ್ಮ ಕಿವಿಗೆ ಬಿದ್ದೇ ಇರುತ್ತವೆ. ಒಂದು ಪವರ್‌ಗ್ಲೈಡ್. ಶೆವ್ರೊಲೆ 1950ರಲ್ಲಿ ತಂದ ಎರಡೇ ಗೇರಿನ ಪೆಟ್ಟಿಗೆ. 1973ಕ್ಕೆ ರಸ್ತೆ ಕಾರುಗಳಿಂದ ಮಾಯವಾಯಿತು, ಡ್ರ್ಯಾಗ್ ಸ್ಟ್ರಿಪ್‌ನಿಂದ ಇವತ್ತಿಗೂ ಹೋಗಿಲ್ಲ. ಹೊರಗಿನ ಕವಚದಿಂದ ಹಿಡಿದು ಒಳಗಿನ ಗೇರ್‌ವರೆಗೆ ಎಲ್ಲವೂ ರೇಸಿಗಾಗಿ ಹೊಸದಾಗಿ ತಯಾರಾಗುತ್ತವೆ. ಇನ್ನೊಂದು ಟರ್ಬೊ 400. ಹೆಸರಿನಲ್ಲಿ ಟರ್ಬೊ ಇದ್ದರೂ ಟರ್ಬೊಚಾರ್ಜರಿಗೂ ಅದಕ್ಕೂ ಸಂಬಂಧವಿಲ್ಲ. 1964ರಲ್ಲಿ ಬಂದ ಜನರಲ್ ಮೋಟಾರ್ಸ್‌ನ ಮೂರು ಗೇರಿನ ಪೆಟ್ಟಿಗೆ ಅದು. ಇದರ ತಮ್ಮ ಅನ್ನಬಹುದಾದ ಟರ್ಬೊ 350 ಸ್ವಲ್ಪ ಹಗುರ, ಶಕ್ತಿಯನ್ನೂ ಕಡಿಮೆ ತಿನ್ನುತ್ತದೆ.

ಎರಡು ಗೇರ್ ಸಾಕಾ ಅಂತ ಎಲ್ಲರೂ ಕೇಳುತ್ತಾರೆ. ಹಗುರವಾದ, ಶಕ್ತಿ ಜಾಸ್ತಿ ಇರುವ ಕಾರಿಗೆ ಸಾಕು. ಬದಲಿಸುವುದು ಒಂದೇ ಸಲ, ತಪ್ಪಿಗೆ ಜಾಗವೂ ಒಂದೇ. ಒಳಗೆ ತಿರುಗುವ ಭಾರ ಕಡಿಮೆ. ಮೊದಲ ಗೇರಿನ ಅನುಪಾತ 1.76 ಇರುವುದರಿಂದ ಟೈರಿಗೆ ಬೀಳುವ ಹೊಡೆತವೂ ಮೆತ್ತಗೆ. ಆದರೆ ನಿಮ್ಮದು 1,600 ಕೆಜಿ, 450 ಅಶ್ವಶಕ್ತಿ. ಡಿಫರೆನ್ಶಿಯಲ್ 4.10 ಅಂದುಕೊಂಡರೆ ಪವರ್‌ಗ್ಲೈಡಿನ ಮೊದಲ ಗೇರಿನಲ್ಲಿ ಒಟ್ಟು ಅನುಪಾತ 7.2 ಆಗುತ್ತದೆ. ಟರ್ಬೊ 400ರ ಮೊದಲ ಗೇರ್ 2.48, ಒಟ್ಟು 10.2. ಅಷ್ಟು ಭಾರದ ಕಾರನ್ನು ಎಬ್ಬಿಸಲು ಆ ಹೆಚ್ಚುವರಿ ಎಳೆತ ಬೇಕು. ನಾನಾದರೆ ನಿಮ್ಮ ಕಾರಿಗೆ ಟರ್ಬೊ 350 ಅಥವಾ 400 ಹಾಕುತ್ತೇನೆ. ನಿಮ್ಮ ಎಂಜಿನ್ ಬೇರೆ ಕಂಪನಿಯದಾದರೂ ಹೊಂದಿಸುವ ಬೆಲ್‌ಹೌಸಿಂಗ್ (ಎಂಜಿನ್ನಿಗೆ ಗೇರ್‌ಬಾಕ್ಸ್ ಕೂಡಿಸುವ ಕವಚ) ಸಿಗುತ್ತದೆ. ಫೋರ್ಡ್‌ನ ಸಿ4, ಕ್ರೈಸ್ಲರ್‌ನ ಟಾರ್ಕ್‌ಫ್ಲೈಟ್ 727 ಕೂಡ ಹಳೇ ಕಾಲದ ನಂಬಿಕಸ್ಥ ಪೆಟ್ಟಿಗೆಗಳೇ.

"ಹೊಸ ಕಾರುಗಳಲ್ಲಿ 8 ಗೇರ್, 10 ಗೇರ್ ಇದೆಯಲ್ಲಾ" ಅಂತ ನೀವು ಕೇಳಬಹುದು. ಅವು ಚೆನ್ನಾಗಿಯೇ ಓಡುತ್ತವೆ. 2018ರ ಡಾಡ್ಜ್ ಚಾಲೆಂಜರ್ ಡೀಮನ್ ಕಾರ್ಖಾನೆಯಿಂದಲೇ 8 ಗೇರಿನ ಆಟೋಮ್ಯಾಟಿಕ್ ಮತ್ತು ಟ್ರಾನ್ಸ್‌ಬ್ರೇಕ್ ಜೊತೆ ಬಂತು. ಅದಕ್ಕೆ ಮ್ಯಾನ್ಯುಯಲ್ ಆಯ್ಕೆಯೇ ಇರಲಿಲ್ಲ. ಆದರೆ ಅಂಥ ಪೆಟ್ಟಿಗೆಗಳು ಕಂಪ್ಯೂಟರಿನ ಮಾತು ಕೇಳುತ್ತವೆ. ಹಳೇ ಕಾರಿಗೆ ಕೂರಿಸಿದರೆ ಅರ್ಧ ವರ್ಷ ವೈರಿಂಗ್‌ನಲ್ಲೇ ಕಳೆಯುತ್ತದೆ. ನಿಮಗೆ ಬೇಡ.

ಇನ್ನೊಂದು ತಪ್ಪು ಕಲ್ಪನೆ ಇದೆ. ಆಟೋಮ್ಯಾಟಿಕ್ ಯಾವಾಗಲೂ ಮೇಲು ಅನ್ನುವುದು. ಹಾಗಿದ್ದರೆ ಅಮೆರಿಕದ ಡ್ರ್ಯಾಗ್ ರೇಸ್ ಸಂಸ್ಥೆ ಎನ್‌ಎಚ್‌ಆರ್‌ಎ ನಡೆಸುವ ರೇಸುಗಳ ಪ್ರೊ ಸ್ಟಾಕ್ ವಿಭಾಗದಲ್ಲಿ ಕ್ಲಚ್ ಮತ್ತು 5 ಗೇರ್ ಇರುತ್ತಿರಲಿಲ್ಲ. ಆ ಕಾರುಗಳು ಕಾಲು ಮೈಲಿಯನ್ನು ಆರೂವರೆ ಸೆಕೆಂಡ್ ಆಸುಪಾಸಿನಲ್ಲಿ ಮುಗಿಸುತ್ತವೆ. ಅತಿ ವೇಗದ ವಿಭಾಗವಾದ ಟಾಪ್ ಫ್ಯೂಯೆಲ್‌ನ ಡ್ರ್ಯಾಗ್‌ಸ್ಟರ್‌ಗಳಲ್ಲಂತೂ (ಡ್ರ್ಯಾಗ್ ರೇಸಿಗಾಗಿಯೇ ಕಟ್ಟಿದ ಉದ್ದನೆಯ ಕಾರುಗಳು) ಬದಲಿಸಲು ಗೇರೇ ಇಲ್ಲ. ಹಲವು ತಟ್ಟೆಗಳ ಕ್ಲಚ್ ಓಟದ ಉದ್ದಕ್ಕೂ ಜಾರುತ್ತಾ, ಹಂತ ಹಂತವಾಗಿ ಬಿಗಿಯಾಗುತ್ತಾ ಹೋಗುತ್ತದೆ. ಆ ಜಾರಿಕೆಯೇ ಅದರ ಗೇರ್‌ಬಾಕ್ಸ್. ಪ್ರತಿ ಓಟ ಮುಗಿದ ಮೇಲೆ ಕ್ಲಚ್ ಬಿಚ್ಚಿ ತಟ್ಟೆ ಬದಲಿಸುತ್ತಾರೆ. ಅಂದರೆ ಕ್ಲಚ್ ನಿಧಾನ ಅಂತಲ್ಲ. ಅದಕ್ಕೆ ಪ್ರತಿ ಸಲ ಆರೈಕೆ ಬೇಕು. ಆ ಆರೈಕೆಗೆ ಅವರ ಹತ್ತಿರ ಒಂದು ತಂಡವೇ ಇದೆ. ನಿಮ್ಮ ಹತ್ತಿರ ನೀವೊಬ್ಬರೇ.

ಈಗ ನಿಮ್ಮ ನಿಜವಾದ ನೋವಿಗೆ ಬರೋಣ. ಬ್ರಾಕೆಟ್ ರೇಸ್. ಇಲ್ಲಿ ವೇಗದ ಕಾರು ಗೆಲ್ಲುವುದಿಲ್ಲ, ಹೇಳಿದ ಮಾತಿನಂತೆ ಓಡುವ ಕಾರು ಗೆಲ್ಲುತ್ತದೆ. ಎಷ್ಟು ಸೆಕೆಂಡಿಗೆ ಓಡುತ್ತೇನೆ ಅಂತ ಮೊದಲೇ ಕಾರಿನ ಗಾಜಿನ ಮೇಲೆ ಬರೆಯುತ್ತೀರಿ. ಇಬ್ಬರು ಬರೆದ ಸಮಯಗಳ ನಡುವೆ ಎಷ್ಟು ಅಂತರವೋ ನಿಧಾನದ ಕಾರಿಗೆ ಅಷ್ಟು ಮುಂಚೆ ಹಸಿರು ದೀಪ ಸಿಗುತ್ತದೆ. ಬರೆದದ್ದಕ್ಕಿಂತ ಬೇಗ ಓಡಿದರೂ ಸೋಲಬಹುದು. ನೀವು 12.10 ಅಂತ ಬರೆದಿರಿ ಅಂದುಕೊಳ್ಳಿ. ಪಕ್ಕದಲ್ಲಿ ಆಟೋಮ್ಯಾಟಿಕ್ ಕಾರಿನವನು 13.40 ಬರೆದಿದ್ದಾನೆ. ಇಬ್ಬರೂ ದೀಪಕ್ಕೆ ಒಂದೇ ರೀತಿ ಹೊರಟಿರಿ. ಅವನು 13.40 ಓಡಿದ. ನೀವು 12.45 ಓಡಿದಿರಿ. ಅವನು ಗೆರೆ ದಾಟಿದಾಗ ನೀವು ಸುಮಾರು 18 ಮೀಟರ್ ಹಿಂದೆ ಇರುತ್ತೀರಿ. ಅವನ ಕಾರು ನಿಮ್ಮದಕ್ಕಿಂತ ಸೆಕೆಂಡಿಗೂ ಮೀರಿ ನಿಧಾನ, ಆದರೂ ಗೆದ್ದವನು ಅವನು. ನಿಮ್ಮ ಎರಡನೇ ಸುತ್ತಿನ ಕಥೆ ಇದೇ ಅಲ್ವಾ?

ಇದರ ಮೇಲೆ ರಿಯಾಕ್ಷನ್ ಟೈಮ್ ಇದೆ, ಅಂದರೆ ದೀಪ ನೋಡಿ ಹೊರಡಲು ನೀವು ತಗೊಳ್ಳುವ ಸಮಯ. ಬ್ರಾಕೆಟ್ ರೇಸಿನ ದೀಪದ ಕಂಬದಲ್ಲಿ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡ್ ಅಂತರದಲ್ಲಿ ಉರಿದು ಆಮೇಲೆ ಹಸಿರು ಬರುತ್ತದೆ. ದೊಡ್ಡ ವಿಭಾಗಗಳ ಪ್ರೊ ಟ್ರೀಯಲ್ಲಿ ಮೂರೂ ಒಟ್ಟಿಗೆ ಉರಿದು 0.4 ಸೆಕೆಂಡಿಗೆ ಹಸಿರು. ಬೆರಳನ್ನು ಪ್ರತಿ ಸಲ ಒಂದೇ ಕ್ಷಣಕ್ಕೆ ಎತ್ತುವುದು ಸುಲಭ. ಬಿಗಿ ಪೆಡಲ್ ಒತ್ತಿ ಹಿಡಿದ ಕಾಲನ್ನು ಅಷ್ಟೇ ಕರಾರುವಾಕ್ಕಾಗಿ ಎತ್ತುವುದು ಕಷ್ಟ. ಕೆಲವು ವಿಭಾಗಗಳಲ್ಲಿ ಟ್ರಾನ್ಸ್‌ಬ್ರೇಕ್ ಜೊತೆ ಡಿಲೇ ಬಾಕ್ಸ್ ಕೂಡ ನಡೆಯುತ್ತದೆ. ಮೊದಲ ಹಳದಿಗೇ ಬೆರಳು ಎತ್ತಿದರೆ ಸಾಕು, ಎಷ್ಟು ಕಾಯಬೇಕೋ ಅಷ್ಟು ಕಾದು ಡಿಲೇ ಬಾಕ್ಸೇ ಟ್ರಾನ್ಸ್‌ಬ್ರೇಕ್ ಬಿಡುತ್ತದೆ. ಇದು ರೇಸೇ ಅಲ್ಲ ಅಂತ ಮೂಗು ಮುರಿಯುವವರು ಇದ್ದಾರೆ. ನಾನೂ ಒಂದು ಕಾಲಕ್ಕೆ ಮುರಿಯುತ್ತಿದ್ದೆ. ಆಮೇಲೆ ಅಂಥವರ ಎದುರು ಸತತವಾಗಿ ಸೋತೆ.

ಸುರಕ್ಷತೆಯ ವಿಷಯ ಹೇಳದೆ ಮುಗಿಸಲಾರೆ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಹೆಸರಾಂತ ಡ್ರ್ಯಾಗ್ ರೇಸರ್ ಡಾನ್ ಗಾರ್ಲಿಟ್ಸ್ ಅವರ ಡ್ರ್ಯಾಗ್‌ಸ್ಟರ್‌ನ ಎರಡು ಗೇರಿನ ಪೆಟ್ಟಿಗೆ ಹೊರಡುವಾಗಲೇ ಸ್ಫೋಟಿಸಿತು. ಕಾರು ಎರಡು ತುಂಡಾಯಿತು. ಅವರ ಬಲಪಾದದ ಒಂದು ಭಾಗ ಹೋಯಿತು. ಚೇತರಿಸಿಕೊಂಡ ಮೇಲೆ ಅವರು ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ಚಾಲಕನ ಹಿಂದೆ ಇಟ್ಟು ಹೊಸ ಕಾರು ಕಟ್ಟಿದರು, 1971ರಲ್ಲಿ ಅದರಲ್ಲೇ ಗೆದ್ದರು. ಆಮೇಲೆ ಡ್ರ್ಯಾಗ್‌ಸ್ಟರ್‌ಗಳ ರೂಪವೇ ಬದಲಾಯಿತು. ನಿಮ್ಮ ಕಾರಿನಲ್ಲಿ ಗೇರ್‌ಬಾಕ್ಸ್ ನಿಮ್ಮ ಕಾಲುಗಳ ಪಕ್ಕದಲ್ಲೇ ಇದೆ. ಕ್ಲಚ್ ಇಟ್ಟುಕೊಂಡರೆ ಎಸ್‌ಎಫ್‌ಐ (ರೇಸ್ ಬಿಡಿಭಾಗಗಳ ಸುರಕ್ಷತಾ ಮಾನದಂಡ ಸಂಸ್ಥೆ) ಗುರುತಿನ ಫ್ಲೈವೀಲ್, ಕ್ಲಚ್, ಉಕ್ಕಿನ ಬೆಲ್‌ಹೌಸಿಂಗ್ ಹಾಕಿಸಿ. ಆಟೋಮ್ಯಾಟಿಕ್ ಆದರೆ ಗೇರ್‌ಬಾಕ್ಸಿಗೆ ಕವಚ, ಅದೇ ಗುರುತಿರುವ ಫ್ಲೆಕ್ಸ್‌ಪ್ಲೇಟ್ (ಎಂಜಿನ್ನಿಗೆ ಕನ್ವರ್ಟರ್ ಕೂಡಿಸುವ ತಟ್ಟೆ), ನ್ಯೂಟ್ರಲ್‌ನಲ್ಲಿ ಮಾತ್ರ ಸ್ಟಾರ್ಟ್ ಆಗುವ ಸ್ವಿಚ್, ತಪ್ಪಿ ರಿವರ್ಸಿಗೆ ಹೋಗದಂತೆ ತಡೆ. ಯಾವ ವೇಗದಿಂದ ಯಾವುದು ಕಡ್ಡಾಯ ಅಂತ ನಿಮ್ಮ ಟ್ರ್ಯಾಕಿನ ನಿಯಮ ಪುಸ್ತಕ ಹೇಳುತ್ತದೆ. ನನ್ನ ಸಲಹೆ, ಕಡ್ಡಾಯ ಆಗುವವರೆಗೆ ಕಾಯಬೇಡಿ. ಮತ್ತೆ, ಪವರ್‌ಗ್ಲೈಡ್ ಇರುವ ಕಾರನ್ನು ಯಾವತ್ತಾದರೂ ಓಡಿಸಿದರೆ ಗೆರೆ ದಾಟಿದ ಮೇಲೆ ವೇಗದಲ್ಲೇ ನ್ಯೂಟ್ರಲ್‌ಗೆ ಹಾಕಬೇಡಿ. ಒಳಗಿನ ಡ್ರಮ್ ಮಿತಿ ಮೀರಿ ತಿರುಗಿ ಸಿಡಿಯಬಹುದು.

ಹಾಗಾದರೆ ನೀವೇನು ಮಾಡಬೇಕು? ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ. ಒಂದು ಅಭ್ಯಾಸದ ದಿನ ಪೂರ್ತಿ ಇಟ್ಟುಕೊಳ್ಳಿ. ಬಯಾಸ್ ಪ್ಲೈ ಸ್ಲಿಕ್ ಹಾಕಿ, ಸಾಲ ಸಿಕ್ಕರೆ ಸಾಲವೇ ತನ್ನಿ. 3,000, 3,800, 4,600 ಹೀಗೆ ಮೂರು ಆರ್‌ಪಿಎಂನಲ್ಲಿ ತಲಾ ಮೂರು ಸಲ ಹೊರಡಿ. ಪೂರ್ತಿ ಓಡುವುದೂ ಬೇಡ, 60 ಅಡಿ ದಾಟಿದ ಮೇಲೆ ಕಾಲು ತೆಗೆಯಿರಿ. ಎಂಜಿನ್, ಕ್ಲಚ್ ಎರಡೂ ತಣ್ಣಗಾಗಲು ನಡುವೆ ಸಮಯ ಕೊಡಿ. ಒಂಬತ್ತು ಸಂಖ್ಯೆ ಬರೆದಿಡಿ. ಯಾವುದಾದರೂ ಒಂದು ಆರ್‌ಪಿಎಂನಲ್ಲಿ ಮೂರೂ ಓಟಗಳು 0.05 ಸೆಕೆಂಡ್ ಒಳಗೆ ಬಂದರೆ ನಿಮ್ಮ ಕಾಲಿನಲ್ಲಿ ಕಲೆ ಇದೆ. ಆಗ ಮ್ಯಾನ್ಯುಯಲ್ ಉಳಿಸಿ, ಪೆಡಲ್ ತಡೆಯುವ ಸಾಧನ ಹಾಕಿಸಿ, ಹಿಂದಿನ ಶಾಕ್ ಅಬ್ಸಾರ್ಬರ್ ಸರಿ ಮಾಡಿಸಿ. ಮ್ಯಾನ್ಯುಯಲ್ ಕಾರುಗಳಿಗೆ ಅಂತಲೇ ನಡೆಯುವ ರೇಸುಗಳಿವೆ, ಅಲ್ಲಿಗೆ ಹೋಗಿ. ಎಲ್ಲರ ಕಾಲೂ ನಡುಗುವ ಜಾಗದಲ್ಲಿ ಸೋಲೂ ಅಷ್ಟು ಚುಚ್ಚುವುದಿಲ್ಲ.

ಒಂಬತ್ತು ಸಂಖ್ಯೆಗಳು ಚದುರಿ ಹೋದರೆ, ಮತ್ತು ನಿಮಗೆ ಬ್ರಾಕೆಟ್ ರೇಸ್ ಗೆಲ್ಲಲೇಬೇಕು ಅನ್ನಿಸಿದರೆ, ಆಟೋಮ್ಯಾಟಿಕ್ ಹಾಕಿಸಿ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನಿಮ್ಮ ಸ್ಲಿಪ್ ನೋಡಿದರೆ ನೀವು ಕೊನೆಗೆ ಅಲ್ಲಿಗೇ ಬರುತ್ತೀರಿ ಅಂತ ನನ್ನ ಅಂದಾಜು. ಪ್ರತಿ ಸಲ ಒಂದೇ ರೀತಿ 11.8 ಓಡುವ ಸಾಮರ್ಥ್ಯ ನಿಮ್ಮ ಕಾರಿನೊಳಗೇ ಇದೆ, ಎಂಜಿನ್ ಮುಟ್ಟದೆ. ಎಣ್ಣೆ ತಣ್ಣಗಿಡುವ ಕೂಲರ್ ಮರೆಯಬೇಡಿ. ಎಣ್ಣೆಯ ಉಷ್ಣತೆ ಪ್ರತಿ ಸುತ್ತಿಗೂ ಒಂದೇ ಇದ್ದರೆ ಸಮಯವೂ ಒಂದೇ ಇರುತ್ತದೆ. ಅದಕ್ಕೊಂದು ಮೀಟರ್ ಕಣ್ಣೆದುರಿಗೇ ಇರಲಿ.

ಕನ್ವರ್ಟರ್ ಮಾತ್ರ ಕಪಾಟಿನಿಂದ ಎತ್ತಿಕೊಂಡು ಬರಬೇಡಿ. ಮಾಡುವವರಿಗೆ ಕಾರಿನ ತೂಕ, ಟೈರಿನ ಎತ್ತರ, ಡಿಫರೆನ್ಶಿಯಲ್ ಅನುಪಾತ, ಕ್ಯಾಮ್‌ಶಾಫ್ಟಿನ ವಿವರ, ಟಾರ್ಕ್ ಎಲ್ಲಿ ಹೆಚ್ಚು ಅನ್ನುವುದು, ಎಲ್ಲವನ್ನೂ ಕೊಡಿ. ಕಾರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ನೀವು ಹೆಲ್ಮೆಟ್ ಸಮೇತ ಒಳಗೆ ಕೂತು, ಟ್ಯಾಂಕಿನಲ್ಲಿ ರೇಸಿಗೆ ಹಾಕುವಷ್ಟೇ ಇಂಧನ ಹಾಕಿ ತೂಗಿಸಿ. ಅಂದಾಜು ಬೇಡ. ನಾನೊಮ್ಮೆ ನೆನಪಿನಿಂದ 150 ಕೆಜಿ ಕಮ್ಮಿ ಹೇಳಿದ್ದೆ. ಬಂದ ಕನ್ವರ್ಟರ್ ನನ್ನ ಕಾರಿಗೆ ಬಿಗಿಯಾಗಿತ್ತು, ಹೊರಡುವಾಗ ಎಂಜಿನ್ ಏದುಸಿರು ಬಿಡುತ್ತಿತ್ತು. ಮಾಡಿದವನಿಗೆ ಫೋನ್ ಮಾಡಿ ಕೂಗಾಡಿದೆ. ಅವನು ಸಮಾಧಾನದಿಂದ ಕೇಳಿದ್ದು ಒಂದೇ ಮಾತು: "ಸ್ವಾಮಿ, ಕಾರನ್ನು ತೂಗಿದ್ರಾ?"